ಸಿಹಿದಂಟಿನ ಜೋಳ: ಇಂಧನಕ್ಕೆ ಯಾವ ತಳಿ ಒಳ್ಳೆಯದು ಎಂದು ನಿಮ್ಮ ಹೊಲದಲ್ಲೇ ತಿಳಿಯುವುದು ಹೇಗೆ

ಜೋಳದ ಸೀಮೆಯಲ್ಲಿ ಬೆಳೆದ ಮಕ್ಕಳಿಗೆ ಒಂದು ಗುಟ್ಟು ಗೊತ್ತಿರುತ್ತದೆ. ಹೊಲದಲ್ಲಿ ಸಾವಿರ ದಂಟು ನಿಂತಿರುತ್ತವೆ, ಆದರೆ ಮುರಿದು ಜಗಿಯೋಕೆ ಆಗುವಂಥವು ಕೆಲವೇ. ಕೆಲವು ಕಬ್ಬಿನ ಹಾಗೆ ಸಿಹಿ. ಕೆಲವು ರಸ ಇದ್ದರೂ ಸಪ್ಪೆ. ಇನ್ನು ಕೆಲವು ಒಳಗೆ ಬರೀ ಬೆಂಡು. ಒಂದೇ ಹೊಲ, ಒಂದೇ ಮಳೆ, ಆದರೂ ಇಷ್ಟು ವ್ಯತ್ಯಾಸ. ತಳಿ ವೈವಿಧ್ಯ ಅಂದರೆ ಇದೇ. ಈ ಸಿಹಿ ರಸ ಹುದುಗಿಸಿ, ಪೆಟ್ರೋಲ್‌ಗೆ ಬೆರೆಸುವ ಎಥನಾಲ್ ಮಾಡಲು ಜೋಳ ಬೆಳೆಯಬೇಕು ಎಂದರೆ ಕೆಲಸ ಶುರುವಾಗುವುದೂ ಇಲ್ಲಿಂದಲೇ.

ಈ ಬರಹ ಕೃಷಿ ಓದುತ್ತಿರುವವರಿಗೆ, ರೈತ ಉತ್ಪಾದಕ ಕಂಪನಿ ನಡೆಸುವವರಿಗೆ ಮತ್ತು ಮನೆಯಲ್ಲಿ ಹಳೆಯ ಬೀಜ ಕಾಪಾಡಿಕೊಂಡು ಬಂದವರಿಗೆ. ಒಂದು ಎಕರೆಯಲ್ಲಿ ಹದಿನೈದಿಪ್ಪತ್ತು ತಳಿ ಹಾಕಿ, ಅಳೆದು, ಹೋಲಿಸಿ, ಬೇಕಾದ್ದನ್ನು ಆರಿಸುವ ದಾರಿ ಇಲ್ಲಿದೆ. ಒಂದು ಮಾತು ಮೊದಲೇ ಹೇಳುತ್ತೇನೆ. 'ಸಿಹಿ ಜೋಳ' ಅಂದ ತಕ್ಷಣ ಹಲವರು ಸ್ವೀಟ್ ಕಾರ್ನ್ ಅಂದುಕೊಳ್ಳುತ್ತಾರೆ. ಅದು ಗೋವಿನಜೋಳ. ನಾವು ಮಾತಾಡುತ್ತಿರುವುದು ರೊಟ್ಟಿ ಜೋಳದ ಅಕ್ಕತಂಗಿಯ ಬಗ್ಗೆ, ಕಾಳಿನಲ್ಲಲ್ಲ, ದಂಟಿನಲ್ಲಿ ಸಕ್ಕರೆ ತುಂಬಿಕೊಳ್ಳುವ ಜೋಳದ ಬಗ್ಗೆ. ಅದಕ್ಕೇ ನಾನು ಸಿಹಿದಂಟಿನ ಜೋಳ ಅನ್ನುತ್ತೇನೆ.

ಒಂದೇ ತಳಿ ಏಕೆ ಸಾಲದು

ಬೆಳೆಗಾರರು ಬಂದು ಮೊದಲು ಕೇಳುವುದು, "ಅತಿ ಹೆಚ್ಚು ಸಿಹಿ ಇರುವ ತಳಿ ಯಾವುದು ಹೇಳಿ, ಅದನ್ನೇ ಹಾಕುತ್ತೇವೆ" ಎಂದು. ಈ ಪ್ರಶ್ನೆಯೇ ದಾರಿ ತಪ್ಪಿಸುತ್ತದೆ.

ಲೆಕ್ಕ ನೋಡಿ. ದಿನಕ್ಕೆ 100 ಟನ್ ದಂಟು ಅರೆಯುವ ಗಾಣ ಇದೆ ಅಂದುಕೊಳ್ಳೋಣ. ಎಕರೆಗೆ 16 ಟನ್ ದಂಟು ಬಂದರೆ ದಿನಕ್ಕೆ ಆರು ಎಕರೆಗಿಂತ ಸ್ವಲ್ಪ ಜಾಸ್ತಿ ಕಟಾವು ಆಗಬೇಕು. ಒಂದು ತಳಿಯ ದಂಟು ಸಕ್ಕರೆ ತುಂಬಿ ನಿಲ್ಲುವುದು ಎರಡು ವಾರದ ಆಸುಪಾಸು. ಊರೆಲ್ಲ ಒಂದೇ ತಳಿಯನ್ನು ಒಂದೇ ಮಳೆಗೆ ಬಿತ್ತಿದರೆ ಎಲ್ಲರ ಹೊಲವೂ ಒಟ್ಟಿಗೇ ಹದಕ್ಕೆ ಬರುತ್ತದೆ. ಗಾಣದ ಮುಂದೆ ಟ್ರ್ಯಾಕ್ಟರ್ ಸಾಲು ನಿಲ್ಲುತ್ತದೆ. ದಂಟು ಒಣಗುತ್ತದೆ, ಸಕ್ಕರೆ ಇಳಿಯುತ್ತದೆ. ಆಮೇಲೆ ಉಳಿದ ತಿಂಗಳೆಲ್ಲ ಗಾಣ ಖಾಲಿ. ಬೇಗ, ನಡುವೆ, ತಡವಾಗಿ ಹೂ ಬಿಡುವ ಮೂರು ನಾಲ್ಕು ತಳಿ ಕೈಯಲ್ಲಿದ್ದರೆ ಇದೇ ಕಟಾವನ್ನು ಎರಡು ತಿಂಗಳಿಗೆ ಹಂಚಬಹುದು. ಇಂಧನ ಬೆಳೆಗೆ ವೈವಿಧ್ಯ ಅನ್ನುವುದು ಮ್ಯೂಸಿಯಂನಲ್ಲಿ ಇಡುವ ವಸ್ತುವಲ್ಲ. ಗಾಣ ತಿರುಗುತ್ತಿರಬೇಕಾದರೆ ಅದು ಬೇಕೇ ಬೇಕು.

ಈ ಬೆಳೆಯ ಹಿಂದಿನ ಕಥೆಯೂ ಅದನ್ನೇ ಹೇಳುತ್ತದೆ. ಅಮೆರಿಕಕ್ಕೆ ಸಿಹಿದಂಟಿನ ಜೋಳ ಹೋದದ್ದು 1850ರ ದಶಕದಲ್ಲಿ. ಚೀನಾದ ಒಂದು ತಳಿ ಫ್ರಾನ್ಸ್ ಮೂಲಕ ತಲುಪಿತು. 1857ರಲ್ಲಿ ಲೆನಾರ್ಡ್ ರೇ ಎಂಬುವವರು ದಕ್ಷಿಣ ಆಫ್ರಿಕಾದ ನಟಾಲ್‌ನಿಂದ ಜುಲು ಜನರು ಬೆಳೆಯುತ್ತಿದ್ದ 'ಇಂಫಿ' ತಳಿಗಳನ್ನು ತಂದರು. ಮುಂದೆ ಹೆಸರು ಮಾಡಿದ ರಿಯೊ, ಡೇಲ್, ಕೆಲ್ಲರ್, ರೇ, ಥೀಸ್ ತಳಿಗಳೆಲ್ಲ ಬಂದದ್ದು ಆಫ್ರಿಕಾ, ಏಷ್ಯಾಗಳಿಂದ ಹೀಗೆ ಆಗಾಗ ತಂದ ಕೆಲವೇ ಹಿಡಿ ಬೀಜಗಳಿಂದ. ಅಂದರೆ ಹೆಸರು ಹತ್ತಾರು, ಬೇರು ಕೆಲವೇ. ಹೊರಗಿನಿಂದ ಐದು ತಳಿ ತರಿಸಿದ ಮಾತ್ರಕ್ಕೆ ಐದು ಬಗೆಯ ವೈವಿಧ್ಯ ಸಿಕ್ಕಿತು ಅಂದುಕೊಳ್ಳಬೇಡಿ.

ಮೊದಲ ಹೆಜ್ಜೆ: ಬೀಜ ಕೂಡಿಸುವುದು

ಮೂರು ಕಡೆಯಿಂದ ಬೀಜ ತನ್ನಿ.

ಮೊದಲನೆಯದು, ಬಿಡುಗಡೆಯಾದ ತಳಿಗಳು. ಎಸ್‌ಎಸ್‌ವಿ 84, ಸಿಎಸ್‌ವಿ 19 ಎಸ್‌ಎಸ್, ಸಿಎಸ್‌ವಿ 24 ಎಸ್‌ಎಸ್, ಜೊತೆಗೆ ನಮ್ಮ ದೇಶದ ಮೊದಲ ಸಿಹಿದಂಟಿನ ಹೈಬ್ರಿಡ್ ಸಿಎಸ್‌ಎಚ್ 22 ಎಸ್‌ಎಸ್. ಹೈದರಾಬಾದಿನ ಭಾರತೀಯ ಸಿರಿಧಾನ್ಯ ಸಂಶೋಧನಾ ಸಂಸ್ಥೆಯಲ್ಲಿ ವಿಚಾರಿಸಿ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಮತ್ತು ವಿಜಯಪುರದ ಜೋಳ ಸಂಶೋಧನಾ ಕೇಂದ್ರದಲ್ಲೂ ಕೇಳಿ. ಇವು ನಿಮಗೆ ಅಳತೆಗೋಲು. ಉಳಿದ ಎಲ್ಲವನ್ನೂ ಇವುಗಳ ಪಕ್ಕದಲ್ಲಿ ಇಟ್ಟೇ ನೋಡಬೇಕು.

ಎರಡನೆಯದು, ಬೀಜ ಬ್ಯಾಂಕು. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿರುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ಸುಮಾರು 40 ಸಾವಿರ ಜೋಳದ ಮಾದರಿಗಳಿವೆ. ಇಷ್ಟನ್ನೂ ಯಾರೂ ಬೆಳೆದು ನೋಡಲಾಗದು. ಅದಕ್ಕಾಗಿ ಅಲ್ಲಿನವರು ಇಡೀ ಸಂಗ್ರಹದ ವೈವಿಧ್ಯ ಹೆಚ್ಚುಕಡಿಮೆ ಉಳಿಯುವಂತೆ 242 ಮಾದರಿಗಳ ಒಂದು ಪುಟ್ಟ ಗುಂಪು ಮಾಡಿದ್ದಾರೆ. ಮಿನಿ ಕೋರ್ ಎಂದು ಹೆಸರು. ವಿದ್ಯಾರ್ಥಿಗಳು ಇಲ್ಲಿಂದ ಶುರು ಮಾಡಿ. ಒಂದು ಒಪ್ಪಂದ ಪತ್ರಕ್ಕೆ ಸಹಿ ಹಾಕಬೇಕು. ಅದನ್ನು ಓದಿ ಸಹಿ ಹಾಕಿ, ಸುಮ್ನೆ ಹಾಕಬೇಡಿ. ಬೀಜವನ್ನು ಹೇಗೆ ಬಳಸಬಹುದು, ಬೇರೆಯವರಿಗೆ ಹೇಗೆ ಕೊಡಬಹುದು ಎಂಬುದೆಲ್ಲ ಅದರಲ್ಲಿರುತ್ತದೆ.

ಮೂರನೆಯದು ನನಗೆ ಅತಿ ಇಷ್ಟವಾದದ್ದು, ಊರಿನ ಬೀಜ. ಸೀತನಿಗಾಗಿ, ಜಗಿಯುವುದಕ್ಕಾಗಿ, ಎಮ್ಮೆಯ ಮೇವಿಗಾಗಿ ಹೊಲದ ಬದುವಿನಲ್ಲಿ ಎರಡು ಸಾಲು ಹಾಕಿಕೊಳ್ಳುವ ತಳಿಗಳು ಇನ್ನೂ ಕೆಲವು ಮನೆಗಳಲ್ಲಿವೆ. ಹಿರಿಯರನ್ನು, ಅದರಲ್ಲೂ ಬೀಜ ಕಟ್ಟಿಡುವ ಅಜ್ಜಿಯರನ್ನು ಕೇಳಿ. "ಸಿಹಿ ಜೋಳ ಇದೆಯಾ" ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ. "ಮಕ್ಕಳು ಮುರಿದು ತಿನ್ನೋ ಜೋಳ ಯಾವುದಮ್ಮಾ" ಎಂದು ಕೇಳಿ, ಹೊಲಕ್ಕೇ ಕರೆದುಕೊಂಡು ಹೋಗುತ್ತಾರೆ. ಒಂದೆರಡು ಚಂದದ ತೆನೆ ಮಾತ್ರ ಆರಿಸಿ ತರಬೇಡಿ. ಹೊಲದುದ್ದಕ್ಕೂ ನಡೆದು, ಕಂಡಕಂಡಲ್ಲಿ, ಸುಮಾರು 50 ಗಿಡಗಳಿಂದ ಸ್ವಲ್ಪ ಸ್ವಲ್ಪ ಕಾಳು ತೆಗೆದುಕೊಳ್ಳಿ. ಊರು, ಮನೆತನ, ಅವರು ಕರೆಯುವ ಹೆಸರು, ಬಿತ್ತುವ ತಿಂಗಳು, ಬಳಕೆ ಎಲ್ಲವನ್ನೂ ಚೀಟಿಯಲ್ಲಿ ಬರೆದು ಚೀಲದ ಒಳಗೊಂದು, ಹೊರಗೊಂದು ಇಡಿ. ಕೊಟ್ಟವರ ತಳಿಯನ್ನು ರೈತರ ತಳಿ ಎಂದು ಅವರ ಹೆಸರಿನಲ್ಲೇ ನೋಂದಾಯಿಸಲು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ಅವಕಾಶ ಇದೆ. ಇದನ್ನು ಅವರಿಗೆ ತಿಳಿಸುವುದು ನಮ್ಮ ಜವಾಬ್ದಾರಿ.

ಎರಡನೆಯ ಹೆಜ್ಜೆ: ಬಿತ್ತನೆ

ಮುಂಗಾರಿನಲ್ಲೇ ಬಿತ್ತಿ. ಜೋಳ ಹಗಲಿನ ಉದ್ದ ನೋಡಿ ಹೂ ಬಿಡುವ ಬೆಳೆ. ಹಿಂಗಾರಿನಲ್ಲಿ ಹಗಲು ಚಿಕ್ಕದು, ರಾತ್ರಿ ತಂಪು. ಹಲವು ತಳಿಗಳು ಎತ್ತರ ಬೆಳೆಯುವ ಮೊದಲೇ ತೆನೆ ಹಾಕಿಬಿಡುತ್ತವೆ, ದಂಟು ಗಿಡ್ಡವಾಗುತ್ತದೆ. ಹಾಗಾಗಿ ಒಂದು ಕಾಲದಲ್ಲಿ ಗೆದ್ದ ತಳಿ ಇನ್ನೊಂದರಲ್ಲಿ ಗೆಲ್ಲುತ್ತದೆ ಎಂದು ನಂಬಬೇಡಿ. ಎರಡೂ ಕಾಲಕ್ಕೆ ತಳಿ ಬೇಕಿದ್ದರೆ ಎರಡೂ ಕಾಲದಲ್ಲಿ ಹಾಕಿಯೇ ನೋಡಬೇಕು.

ಮಳೆ ಹಿಡಿದ ವಾರ ಹತ್ತು ದಿನದೊಳಗೆ ಬಿತ್ತನೆ ಮುಗಿಸಿ. ತಡವಾದರೆ ಸುಳಿನೊಣ ಸುಳಿ ಒಣಗಿಸುತ್ತದೆ. ಆಗ ನೀವು ಅಳೆಯುವುದು ತಳಿಯನ್ನಲ್ಲ, ನೊಣದ ಹಾವಳಿಯನ್ನು. ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 15 ಸೆಂ.ಮೀ. ಎರಡು ಮೂರು ವಾರಕ್ಕೆ ಹೆಚ್ಚಿನ ಸಸಿ ಕಿತ್ತು ಅಂತರ ಸರಿ ಮಾಡಿ. ಈ ಅಂತರದಲ್ಲಿ ಎಕರೆಗೆ ಸುಮಾರು 45 ಸಾವಿರ ಗಿಡ ನಿಲ್ಲುತ್ತವೆ.

ಪ್ರತಿ ತಳಿಗೆ 4 ಮೀಟರ್ ಉದ್ದದ ನಾಲ್ಕು ಸಾಲು ಕೊಡಿ. ಇಡೀ ಪ್ರಯೋಗವನ್ನು ಹೊಲದ ಮೂರು ಕಡೆ ಮತ್ತೆ ಮತ್ತೆ ಹಾಕಿ. ಪ್ರತಿ ಸಲವೂ ತಳಿಗಳ ಜಾಗವನ್ನು ಚೀಟಿ ಎತ್ತಿ ನಿರ್ಧರಿಸಿ. ಎರೆಹೊಲ ನೋಡಲು ಒಂದೇ ಥರ ಕಂಡರೂ ತಗ್ಗಿನ ಕಡೆ ತೇವ ಜಾಸ್ತಿ ಅಲ್ವಾ? ಚೀಟಿ ಎತ್ತದಿದ್ದರೆ ತಗ್ಗಿನ ತಳಿಯೇ ಗೆಲ್ಲುತ್ತದೆ. ಬೀಜ ಕಡಿಮೆ ಇದ್ದು ತಳಿ ಜಾಸ್ತಿ ಇದ್ದರೆ ಹೊಸ ತಳಿಗಳನ್ನು ಒಂದೊಂದೇ ಸಲ ಹಾಕಿ, ಅಳತೆಗೋಲಿನ ತಳಿಗಳನ್ನು ಮಾತ್ರ ಅಲ್ಲಲ್ಲಿ ಮತ್ತೆ ಮತ್ತೆ ಹಾಕಿ.

ಮೂರನೆಯ ಹೆಜ್ಜೆ: ಕಣ್ಣಿನಿಂದ ಓದುವುದು

ಯಂತ್ರ ಮುಟ್ಟುವ ಮೊದಲು ಎಲೆ ನೋಡಿ. ಎಲೆಯ ನಡುನರ ಸುಣ್ಣದ ಹಾಗೆ ಬೆಳ್ಳಗಿದ್ದರೆ ಆ ದಂಟು ಸಾಮಾನ್ಯವಾಗಿ ಬೆಂಡು. ನಡುನರ ಮಬ್ಬು ಹಸಿರಾಗಿದ್ದರೆ ಒಳಗೆ ರಸ ಇದೆ. ಬೆಂಡಿನ ಜೀವಕೋಶಗಳು ಸತ್ತು ಗಾಳಿ ತುಂಬಿಕೊಂಡಿರುತ್ತವೆ, ಅದಕ್ಕೇ ಬಿಳಿ ಕಾಣುತ್ತದೆ. ದಂಟಿನಲ್ಲಿ ಆಗುವುದೇ ಎಲೆಯ ನರದಲ್ಲೂ ಆಗುತ್ತದೆ. ಹಾಗಾಗಿ ಗಿಡ ಕಡಿಯದೆ, ಹೂ ಬಿಡುವ ಮೊದಲೇ, ಸಾಲಿನಲ್ಲಿ ನಡೆಯುತ್ತಾ ಅರ್ಧ ಆಯ್ಕೆ ಮುಗಿಸಬಹುದು.

ಇದರ ಹಿಂದೆ ಒಂದೇ ಒಂದು ಜೀನ್ ಇದೆ. 'ಡ್ರೈ' ಎಂದು ಅದರ ಹೆಸರು, ಜೋಳದ 10 ಜೋಡಿ ವರ್ಣತಂತುಗಳಲ್ಲಿ ಆರನೆಯದರಲ್ಲಿದೆ. 2018ರಲ್ಲಿ ವಿಜ್ಞಾನಿಗಳು ಅದನ್ನು ಬಿಡಿಸಿ ತೋರಿಸಿದರು. ಈ ಜೀನ್ ಕೆಲಸ ಮಾಡಿದರೆ ದಂಟಿನ ಒಳಗಿನ ಕೋಶಗಳು ಸಾಯುತ್ತವೆ, ಬೆಂಡಾಗುತ್ತದೆ. ಜೀನ್ ಕೆಟ್ಟಿದ್ದರೆ ಕೋಶಗಳು ಬದುಕಿ ರಸ ಹಿಡಿದಿಡುತ್ತವೆ. ಅಂದರೆ ನಮ್ಮ ರಸದ ಜೋಳ ಹುಟ್ಟಿದ್ದು ಒಂದು ಜೀನ್ ಕೆಟ್ಟದ್ದರಿಂದ. ಆ ಕೆಟ್ಟ ಜೀನನ್ನು ಬೇರೆ ಬೇರೆ ಕಡೆಯ ರೈತರು ಬಾಯಿರುಚಿಯಿಂದಲೇ ಗುರುತಿಸಿ ಉಳಿಸಿದ್ದಾರೆ. ನನಗೆ ಇದು ಪ್ರತಿ ಸಲವೂ ಬೆರಗು ತರುವ ಸಂಗತಿ.

ರಸ ಇದ್ದ ಮಾತ್ರಕ್ಕೆ ಸಿಹಿ ಇರುತ್ತದೆ ಎಂದಲ್ಲ. ರಸ ಒಂದು ಜೀನಿನ ಮಾತು, ಸಿಹಿ ಹಲವು ಜೀನುಗಳ ಮಾತು. ಅದಕ್ಕೆ ಯಂತ್ರ ಬೇಕು.

ಇದರ ಜೊತೆಗೆ ಪ್ರತಿ ತಳಿಯಲ್ಲೂ ಇವನ್ನು ಬರೆದುಕೊಳ್ಳಿ: ಅರ್ಧದಷ್ಟು ಗಿಡ ಹೂ ಬಿಟ್ಟ ದಿನ, ಎತ್ತರ, ಗೆಣ್ಣುಗಳ ಸಂಖ್ಯೆ, ದಂಟಿನ ದಪ್ಪ, ತೆನೆ ಒತ್ತಾಗಿದೆಯೋ ಸಡಿಲವೋ, ಕಾಳಿನ ಬಣ್ಣ, ಕಾಳನ್ನು ಹೊಟ್ಟು ಎಷ್ಟು ಮುಚ್ಚಿದೆ, ಗಿಡ ಬಿದ್ದಿತೇ ನಿಂತಿತೇ. ತೆನೆ ಮತ್ತು ಕಾಳಿನ ಆಕಾರ ನೋಡಿ ಜೋಳವನ್ನು ಬೈಕಲರ್, ಗಿನಿ, ಕಾಡೇಟಮ್, ಕಾಫಿರ್, ಡುರ್ರಾ ಎಂದು ಐದು ಬಳಗ ಮಾಡುತ್ತಾರೆ. ನಮ್ಮ ಬಿಳಿ ಹಿಂಗಾರಿ ಜೋಳ ಹೆಚ್ಚಾಗಿ ಡುರ್ರಾ. ಸಿಹಿದಂಟಿನವು ಒಂದೇ ಬಳಗದಲ್ಲಿಲ್ಲ, ಅಲ್ಲಲ್ಲಿ ಚೆದುರಿಕೊಂಡಿವೆ.

ನಾಲ್ಕನೆಯ ಹೆಜ್ಜೆ: ಸಿಹಿ ಅಳೆಯುವುದು, ರಸ ತೂಗುವುದು

ಇಲ್ಲಿ ಆತುರ ಬೇಡ. ಹೆಚ್ಚಿನ ತಪ್ಪುಗಳು ಆಗುವುದು ಇಲ್ಲೇ.

ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರ್ ಬೇಕು. ರಸದ ಒಂದು ಹನಿ ಹಾಕಿ ಬೆಳಕಿಗೆ ಹಿಡಿದರೆ ಬ್ರಿಕ್ಸ್ ಎಂಬ ಅಂಕಿ ಕಾಣುತ್ತದೆ. ರಸದಲ್ಲಿ ಕರಗಿದ ಒಟ್ಟು ವಸ್ತು ನೂರಕ್ಕೆ ಎಷ್ಟು ಎಂಬ ಲೆಕ್ಕ ಅದು, ಅದರಲ್ಲಿ ಹೆಚ್ಚಿನದು ಸಕ್ಕರೆ. ಮೊದಲು ಡಿಸ್ಟಿಲ್ಡ್ ವಾಟರ್ ಹಾಕಿ ಸೊನ್ನೆ ತೋರಿಸುತ್ತಿದೆಯೇ ನೋಡಿ. ಒಳ್ಳೆಯ ತಳಿಗಳಲ್ಲಿ 14ರಿಂದ 20ರವರೆಗೆ ಬರುತ್ತದೆ.

ಯಾವಾಗ ಅಳೆಯಬೇಕು? ಹೂ ಬಿಟ್ಟ ಮೇಲೆ ದಂಟಿನಲ್ಲಿ ಸಕ್ಕರೆ ಏರುತ್ತಾ ಹೋಗುತ್ತದೆ. ಕಾಳಿನ ಬುಡದಲ್ಲಿ ಕಪ್ಪು ಚುಕ್ಕೆ ಮೂಡುವ ಹೊತ್ತಿಗೆ, ಅಂದರೆ ಹೂವಾಗಿ 35ರಿಂದ 40 ದಿನಕ್ಕೆ, ಹದ ಬಂದಿರುತ್ತದೆ. ಪ್ರತಿ ತಳಿಗೂ ಅದರದೇ ಹೂವಿನ ದಿನದಿಂದ ಎಣಿಸಿ. ಎಲ್ಲ ತಳಿಗಳನ್ನೂ ಒಂದೇ ತಾರೀಕಿಗೆ ಅಳೆದರೆ ಬೇಗ ಬಲಿತದ್ದು ಗೆಲ್ಲುತ್ತದೆ, ತಡದ್ದು ಸೋಲುತ್ತದೆ.

ನಾನು ಮೊದಲ ವರ್ಷ ಮಾಡಿದ ತಪ್ಪು ಹೇಳುತ್ತೇನೆ. ಅರ್ಧ ತಳಿಗಳನ್ನು ಒಂದು ಸಂಜೆ ಅಳೆದೆ. ರಾತ್ರಿ ಒಳ್ಳೆಯ ಮಳೆ ಬಂತು. ಉಳಿದರ್ಧ ಮರುದಿನ ಬೆಳಿಗ್ಗೆ ಅಳೆದೆ. ಮರುದಿನದ ತಳಿಗಳೆಲ್ಲ ಸಪ್ಪೆ ಎಂದು ಪುಸ್ತಕದಲ್ಲಿ ಬರೆದುಕೊಂಡೆ, ಎರಡನ್ನು ಕೈಬಿಟ್ಟೂಬಿಟ್ಟೆ. ಮುಂದಿನ ವರ್ಷ ಪಕ್ಕದ ರೈತರ ಹೊಲದಲ್ಲಿ ಅದರಲ್ಲೊಂದು ಚೆನ್ನಾಗಿ ಬಂದದ್ದನ್ನು ಕಂಡಾಗಲೇ ತಿಳಿದದ್ದು, ನಾನು ಅಳೆದದ್ದು ಮಳೆಯ ನೀರನ್ನು ಎಂದು. ಆದ್ದರಿಂದ ಮಳೆ ಬಿದ್ದರೆ ಎರಡು ಮೂರು ದಿನ ಬಿಟ್ಟು ಅಳೆಯಿರಿ. ಯಾವಾಗಲೂ ದಿನದ ಒಂದೇ ಹೊತ್ತಿಗೆ ಅಳೆಯಿರಿ.

ಗಿಡದ ಯಾವ ಭಾಗ ಎಂಬುದೂ ಮುಖ್ಯ. ದಂಟಿನ ನಡುಭಾಗ ಸಿಹಿ ಜಾಸ್ತಿ, ತುದಿ ಮತ್ತು ಬುಡ ಕಡಿಮೆ. ಬರೀ ನಡುವಿನ ಗೆಣ್ಣು ಹಿಂಡಿದರೆ ಅಂಕಿ ಚಂದ ಬರುತ್ತದೆ, ಗಾಣಕ್ಕೆ ಮಾತ್ರ ಇಡೀ ದಂಟು ಹೋಗುತ್ತದೆ. ಅಂಚಿನ ಸಾಲು ಬಿಟ್ಟು ನಡುವಿನ ಎರಡು ಸಾಲಿನಿಂದ ಹತ್ತು ಗಿಡ ಕಡಿಯಿರಿ. ತೆನೆ, ಎಲೆ ತೆಗೆದು ತೂಗಿ. ಕಬ್ಬಿನ ಹಾಲಿನ ಅಂಗಡಿಯ ಗಾಣದಂಥದ್ದರಲ್ಲಿ ಎಲ್ಲ ತಳಿಯನ್ನೂ ಎರಡೆರಡು ಸಲ ಮಾತ್ರ ಹಾಯಿಸಿ. ರಸ ತೂಗಿ, ಕಲಸಿ, ಬ್ರಿಕ್ಸ್ ನೋಡಿ. ಇದೆಲ್ಲ ಕಡಿದ ದಿನವೇ ಆಗಬೇಕು. ರಸ ಕೆಲವೇ ಗಂಟೆಗಳಲ್ಲಿ ಹುಳಿಯಾಗಲು ಶುರುವಾಗುತ್ತದೆ.

ಹಿಂಡಿದ ಸಿಪ್ಪೆಯನ್ನು ದನಗಳಿಗೆ ಹಾಕಬಹುದು. ಆದರೆ ಬೆಳೆ ಎಳೆಯದಾಗಿರುವಾಗ ಪ್ರಯೋಗದ ಹೊಲಕ್ಕೆ ದನ ನುಗ್ಗದಂತೆ ನೋಡಿಕೊಳ್ಳಿ. ಎಳೆ ಜೋಳದಲ್ಲಿ, ಅದರಲ್ಲೂ ನೀರಿಲ್ಲದೆ ಬಾಡಿದ ಕೂಳೆ ಚಿಗುರಿನಲ್ಲಿ, ಸಯನೈಡ್ ವಿಷ ಹುಟ್ಟುತ್ತದೆ. ದನ ಸಾಯುತ್ತದೆ.

ಐದನೆಯ ಹೆಜ್ಜೆ: ಎಕರೆಗೆ ಎಷ್ಟು ಲೀಟರ್

ನಡುವಿನ ಎರಡು ಸಾಲು ಅಂದರೆ 4.8 ಚದರ ಮೀಟರ್. ಎಕರೆ ಅಂದರೆ 4,047. ಹಾಗಾಗಿ ರಸಕ್ಕೆ ಕಡಿದ ಹತ್ತು ಗಿಡವೂ ಸೇರಿ ಆ ಎರಡು ಸಾಲಿನ ಒಟ್ಟು ದಂಟಿನ ತೂಕವನ್ನು 843ರಿಂದ ಗುಣಿಸಿ. 20 ಕಿಲೋ ಬಂದರೆ ಎಕರೆಗೆ ಸುಮಾರು 16.9 ಟನ್.

ಬ್ರಿಕ್ಸ್‌ನ ಮುಕ್ಕಾಲು ಭಾಗ ಹುದುಗುವ ಸಕ್ಕರೆ ಎಂದು ಹಿಡಿಯಿರಿ. ಒಂದು ಕಿಲೋ ಸಕ್ಕರೆಯಿಂದ ಕಾರ್ಯತಃ ಸುಮಾರು 0.55 ಲೀಟರ್ ಎಥನಾಲ್. ಈಗ ಎರಡು ತಳಿ ಹೋಲಿಸೋಣ. ಅಂಕಿಗಳು ಉದಾಹರಣೆಗೆ ಮಾತ್ರ.

ಮೊದಲ ತಳಿಯ ಬ್ರಿಕ್ಸ್ 19, ಕೇಳಲು ಭರ್ಜರಿ. ದಂಟು ಎಕರೆಗೆ 10 ಟನ್, ರಸ ನೂರಕ್ಕೆ 30. ರಸ 3 ಟನ್, ಸಕ್ಕರೆ 427 ಕಿಲೋ, ಎಥನಾಲ್ ಸುಮಾರು 235 ಲೀಟರ್. ಎರಡನೆಯದರ ಬ್ರಿಕ್ಸ್ 15 ಅಷ್ಟೇ. ದಂಟು 18 ಟನ್, ರಸ ನೂರಕ್ಕೆ 42. ರಸ 7.56 ಟನ್, ಸಕ್ಕರೆ 850 ಕಿಲೋ, ಎಥನಾಲ್ ಸುಮಾರು 468 ಲೀಟರ್. ಸಿಹಿ ಕಡಿಮೆ ಇದ್ದ ತಳಿ ಎರಡು ಪಟ್ಟು ಇಂಧನ ಕೊಟ್ಟಿತು. ಬ್ರಿಕ್ಸ್ ಒಂದನ್ನೇ ನೋಡಿ ತಳಿ ಆರಿಸಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಹಾಗೆಂದು ಮೊದಲ ತಳಿಯನ್ನು ಎಸೆಯಬೇಡಿ. ಆ ಸಿಹಿ ಮುಂದೆ ಬೇಕಾಗುತ್ತದೆ.

ಆರನೆಯ ಹೆಜ್ಜೆ: ಯಾರು ಯಾರಿಗೆ ಎಷ್ಟು ದೂರ

ಮುಂದೆ ಯಾವ ತಳಿಗೆ ಯಾವುದನ್ನು ಕೂಡಿಸಬೇಕು ಎಂದು ತಿಳಿಯಲು ತಳಿಗಳು ಒಂದಕ್ಕೊಂದು ಎಷ್ಟು ಬೇರೆ ಎಂದು ನೋಡಬೇಕು. ಆದರೆ ಹೂವಿನ ದಿನ, ಎತ್ತರ, ಬ್ರಿಕ್ಸ್ ಇವನ್ನೆಲ್ಲ ನೇರವಾಗಿ ಒಟ್ಟು ಮಾಡಲಾಗದು. ಒಂದು ದಿನದಲ್ಲಿದೆ, ಒಂದು ಸೆಂಟಿಮೀಟರಿನಲ್ಲಿದೆ. ಪ್ರತಿ ಅಂಕಿಯಿಂದ ಆ ಗುಣದ ಸರಾಸರಿ ಕಳೆದು, ಅದರ ಸ್ಟ್ಯಾಂಡರ್ಡ್ ಡೀವಿಯೇಷನ್‌ನಿಂದ (ಅಂಕಿಗಳು ಸರಾಸರಿಯಿಂದ ಎಷ್ಟು ಚೆದುರಿವೆ ಎಂಬ ಅಳತೆ) ಭಾಗಿಸಿ. ಎಕ್ಸೆಲ್ ಇದನ್ನು ಕ್ಷಣದಲ್ಲಿ ಮಾಡುತ್ತದೆ. ಹಾಗೆ ಮಾಡಿದಾಗ ಒಂದು ತಳಿಗೆ ಹೂವಿನ ದಿನ -1, ಎತ್ತರ -0.5, ಬ್ರಿಕ್ಸ್ 1 ಬಂತು, ಇನ್ನೊಂದಕ್ಕೆ 1.5, 1.5, 0.5 ಬಂತು ಎನ್ನಿ. ವ್ಯತ್ಯಾಸಗಳು 2.5, 2, 0.5. ಅವುಗಳ ವರ್ಗ ಕೂಡಿಸಿದರೆ 10.5, ವರ್ಗಮೂಲ 3.24. ಇದೇ ಆ ಎರಡು ತಳಿಗಳ ನಡುವಿನ ದೂರ. ಪ್ರತಿ ಜೋಡಿಗೂ ಹೀಗೆ ಮಾಡಿ, ಹತ್ತಿರದವನ್ನು ಒಂದು ಗುಂಪಿಗೆ ಹಾಕಿ.

ಕಣ್ಣಿಗೆ ಕಂಡ ಗುಣ ಮಳೆ, ಮಣ್ಣಿನಿಂದಲೂ ಬದಲಾಗುತ್ತದೆ. ಕೈಗೆ ಎಟುಕಿದರೆ ಎಳೆ ಎಲೆಯಿಂದ ಡಿಎನ್‌ಎ ತೆಗೆಸಿ ಮಾರ್ಕರ್, ಅಂದರೆ ಡಿಎನ್‌ಎಯಲ್ಲಿನ ಗುರುತುಗಳಿಂದಲೂ ಹೋಲಿಸಿ. ಜೋಳಕ್ಕೆ ಈ ಕೆಲಸ ಸುಲಭ, ಏಕೆಂದರೆ ಅದರ ಜೀನೋಮ್, ಅಂದರೆ ಇಡೀ ಡಿಎನ್‌ಎಯ ಓದು, 2009ರಲ್ಲೇ ಪ್ರಕಟವಾಗಿದೆ. 2013ರಲ್ಲಿ ಜಗತ್ತಿನ 971 ತಳಿಗಳನ್ನು ಸುಮಾರು 2,65,000 ಗುರುತುಗಳಿಂದ ಹೋಲಿಸಿದ ಅಧ್ಯಯನವೂ ಬಂತು. ವಿದ್ಯಾರ್ಥಿಗಳು ಎರಡೂ ಮಾಡಿ. ರೈತ ಗುಂಪುಗಳಿಗೆ ಎರಡು ವರ್ಷದ ಹೊಲದ ಅಳತೆಯೇ ಸಾಕು.

ಏಳನೆಯ ಹೆಜ್ಜೆ: ತಳಿಗೆ ತಳಿ ಕೂಡಿಸುವುದು

ಒಂದಕ್ಕೊಂದು ದೂರದ ಎರಡು ಗುಂಪುಗಳಿಂದ ಒಂದೊಂದು ಒಳ್ಳೆಯ ತಳಿ ತೆಗೆದುಕೊಂಡು, ಒಂದರ ಪರಾಗವನ್ನು ಇನ್ನೊಂದಕ್ಕೆ ಹಾಕಿ. ಎಸೆಯಬೇಡಿ ಎಂದ ಆ ಸಿಹಿ ತಳಿ ಈಗ ಬೇಕು: ಅದರ ಸಿಹಿ, ಎರಡನೆಯದರ ದಂಟಿನ ತೂಕ.

ಒಂದು ಎಚ್ಚರ. ಮೇಲೆ ಹೇಳಿದ ಡ್ರೈ ಜೀನಿನಲ್ಲಿ ಬೆಂಡಿನ ಗುಣ ಮೇಲುಗೈ. ರಸದ ತಳಿಗೆ ಬೆಂಡಿನ ತಳಿ ಕೂಡಿಸಿದರೆ ಮೊದಲ ಪೀಳಿಗೆಯೆಲ್ಲ ಬೆಂಡಾಗುತ್ತದೆ. ಎರಡನೆಯ ಪೀಳಿಗೆಯಲ್ಲಿ ನಾಲ್ಕರಲ್ಲಿ ಒಂದಕ್ಕೆ ಮಾತ್ರ ರಸ ಬರುತ್ತದೆ. ಹೈಬ್ರಿಡ್ ಬೇಕಿದ್ದರೆ ತಾಯಿ ತಂದೆ ಇಬ್ಬರಲ್ಲೂ ರಸ ಇರಬೇಕು. ಎತ್ತರದಲ್ಲಿ ಇದು ನಮ್ಮ ಪರ. ಗಿಡ್ಡ ತಾಯಿಗೆ ಎತ್ತರದ ತಂದೆ ಸಿಕ್ಕರೆ ಮಕ್ಕಳು ಎತ್ತರ. ಸಿಎಸ್‌ಎಚ್ 22 ಎಸ್‌ಎಸ್ ಹೈಬ್ರಿಡ್‌ಗೆ ತಂದೆ ಎಸ್‌ಎಸ್‌ವಿ 84.

ಜೋಳದ ಹೈಬ್ರಿಡ್‌ಗಳ ತಾಯಿ ಸಾಲುಗಳಲ್ಲಿ ಹೆಚ್ಚಿನವು 1954ರಲ್ಲಿ ವರದಿಯಾದ ಮೈಲೋ ಎಂಬ ಒಂದೇ ಸೈಟೋಪ್ಲಾಸಂ (ಜೀವಕೋಶದ ಕೇಂದ್ರದ ಹೊರಗಿನ, ತಾಯಿಯಿಂದ ಬರುವ ಭಾಗ) ಮೇಲೆ ನಿಂತಿವೆ. 1970ರಲ್ಲಿ ಅಮೆರಿಕದ ಗೋವಿನಜೋಳ ಹೀಗೆ ಒಂದೇ ಸೈಟೋಪ್ಲಾಸಂ ನಂಬಿ ಎಲೆ ಅಂಗಮಾರಿ ರೋಗಕ್ಕೆ ತುತ್ತಾಯಿತು. ಬೇರೆ ಸೈಟೋಪ್ಲಾಸಂಗಳ ತಾಯಿ ಸಾಲುಗಳೂ ಇವೆ. ತಳಿ ಅಭಿವೃದ್ಧಿ ಓದುವವರು ಅವುಗಳ ಕಡೆ ಗಮನ ಕೊಡಲೇಬೇಕು.

ಕೊನೆಯದಾಗಿ ಬೀಜ ಕಟ್ಟಿಡುವುದು

ಜೋಳ ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ, ಆದರೂ ಗಾಳಿಗೆ ಸ್ವಲ್ಪ ಬೆರಕೆ ಆಗುತ್ತದೆ. ತೆನೆ ಸಡಿಲ ಇದ್ದಷ್ಟೂ ಬೆರಕೆ ಜಾಸ್ತಿ. ಹತ್ತಾರು ತಳಿ ಪಕ್ಕಪಕ್ಕದಲ್ಲಿ ಇರುವಾಗ ತೆನೆ ಹೊರಬಂದು ಹೂ ಬಿಚ್ಚುವ ಮೊದಲೇ ಕಾಗದದ ಚೀಲ ಕಟ್ಟಿ. ಹೂ ತುದಿಯಿಂದ ಶುರುವಾಗಿ ಕೆಳಗೆ ಇಳಿಯುತ್ತದೆ, ಹಾಗಾಗಿ ತುದಿಯಲ್ಲಿ ಹಳದಿ ಕಂಡಿತೆಂದರೆ ಆ ತೆನೆ ಬಿಡಿ, ಬೇರೆಯದಕ್ಕೆ ಕಟ್ಟಿ. ತಳಿಗೆ ಕನಿಷ್ಠ 20 ತೆನೆ. ಕಾಳು ಕಟ್ಟಿದ ಮೇಲೆ ಚೀಲ ತೆಗೆದು ಗಾಳಿಯಾಡಲು ಬಿಡಿ, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ಹಕ್ಕಿಗೆ ಮಾತ್ರ ಕಾವಲು ಬೇಕು.

ನೆರಳಲ್ಲಿ ಚೆನ್ನಾಗಿ ಒಣಗಿಸಿ, ಕಡಿದರೆ ಟಣ್ ಎಂದು ಒಡೆಯಬೇಕು. ಗಾಜಿನ ಭರಣಿಯಲ್ಲಿ ತುಂಬಿ, ತೇವ ಹೀರುವ ಸಿಲಿಕಾ ಪುಟ್ಟ ಚೀಲ ಇಟ್ಟು, ಬಿಗಿಯಾಗಿ ಮುಚ್ಚಿ ತಂಪಾದ ಕಡೆ ಇಡಿ. ಪ್ರತಿ ತಳಿಯದೂ ಎರಡು ಭರಣಿ ಮಾಡಿ. ಒಂದು ನಿಮ್ಮಲ್ಲಿ, ಇನ್ನೊಂದು ಆ ಬೀಜ ಕೊಟ್ಟ ಅಜ್ಜಿಯ ಮನೆಯಲ್ಲಿ. ಚೀಟಿಯಲ್ಲಿ ಅವರು ಕರೆದ ಹೆಸರೇ ಇರಲಿ, ಪಕ್ಕದಲ್ಲಿ ನೀವು ಅಳೆದ ಹೂವಿನ ದಿನ, ದಂಟಿನ ತೂಕ, ಬ್ರಿಕ್ಸ್ ಬರೆಯಿರಿ. ಮುಂದಿನ ಮುಂಗಾರಿಗೆ ಬಿತ್ತುವ ಮೊದಲು ನೂರು ಕಾಳು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎಷ್ಟು ಮೊಳೆಯುತ್ತವೆ ಎಣಿಸಿ. 75ಕ್ಕಿಂತ ಕಡಿಮೆ ಮೊಳೆತರೆ ಆ ತಳಿಯನ್ನು ಅದೇ ವರ್ಷ ಬಿತ್ತಿ ಹೊಸ ಬೀಜ ಮಾಡಿಕೊಳ್ಳಿ.